ಹಗ್ಗದ ಯಂತ್ರಕ್ಕೆ ಕೂರುವ ಮೊದಲು

ತಮ್ಮಾ, ವಾಶಿಯ ಮಳೆನೀರಿನ ಹೊಂಡಗಳ ಹೂಳೆತ್ತಿ ಕೈ ಚೆನ್ನಾಗಿ ಪಳಗಿದೆ ನಿನಗೆ. ಈಗ ಸಿಂಗ್ರೌಲಿಯ ಕಲ್ಲಿದ್ದಲು ಗಣಿಗೆ ಹೋಗಿ ಹಗ್ಗದಿಂದ ಮಣ್ಣೆತ್ತುವ ಯಂತ್ರ, ಡ್ರ್ಯಾಗ್‌ಲೈನ್ ಕಲಿಯುತ್ತೇನೆ ಎಂದೆ. ಹೋಗು. ಆದರೆ ಹೂಳೆತ್ತುವ ಪೊಕ್ಲೇನ್‌ನ ಅಭ್ಯಾಸವನ್ನು ಹಾಗೇ ಹೊತ್ತುಕೊಂಡು ಹೋಗಬೇಡ.

ನವಿ ಮುಂಬಯಿ ಕಟ್ಟಿದ ಸಿಡ್ಕೋದವರು ಆ ಹೊಂಡಗಳನ್ನು ಡಚ್ಚರ ಪದ್ಧತಿಯಂತೆ ಮಾಡಿಸಿದರು. ಉಬ್ಬರ ಬಂದಾಗ ಖಾಡಿಯ ನೀರನ್ನು ಬಾಗಿಲು ತಡೆಯುತ್ತದೆ, ಮಳೆನೀರು ಹೊಂಡದಲ್ಲಿ ನಿಂತಿದ್ದು ಇಳಿತದಲ್ಲಿ ಹೊರಗೆ ಹರಿಯುತ್ತದೆ. ಕೆಸರಿಗೆ ಯಂತ್ರ ಇಳಿಸಿದರೆ ಹೂತುಹೋಗುತ್ತದೆ ಅಂತ ದಂಡೆಯಲ್ಲೇ ನಿಂತು ಉದ್ದ ತೋಳು ಚಾಚುತ್ತೀಯ. ಸುಮಾರು 15 ಮೀಟರ್ ಚಾಚಿದರೆ ತುದಿಗೆ ಅರ್ಧ ಘನ ಮೀಟರಿನಷ್ಟು ಬಕೆಟ್ ಸಿಕ್ಕಿಸುವುದೇ ಕಷ್ಟ, ತೋಳಿನ ತೂಕವೇ ಯಂತ್ರವನ್ನು ಮುಂದಕ್ಕೆ ಎಳೆಯುತ್ತದೆ. ಸಿಂಗ್ರೌಲಿಯ 24/96 ಡ್ರ್ಯಾಗ್‌ಲೈನ್‌ಗೆ 96 ಮೀಟರ್ ಬೂಮ್, 24 ಘನ ಮೀಟರ್ ಬಕೆಟ್. ಅದು ಸಾಧ್ಯವಾಗುವುದು ಹಗ್ಗದಿಂದ. 1904ರಲ್ಲಿ ಷಿಕಾಗೋದ ಕಾಲುವೆ ತೋಡಲು ಜಾನ್ ಪೇಜ್ ಮಾಡಿದ ಉಪಾಯ ಇಂದಿಗೂ ಅದೇ.

ಊರಿನ ಬಾವಿಯ ಕಪಿಲೆಯನ್ನು ನೆನೆಸಿಕೊ. ದಪ್ಪ ಹಗ್ಗ ಚರ್ಮದ ಚೀಲವನ್ನು ಮೇಲೆತ್ತುತ್ತದೆ, ಸಣ್ಣ ಹಗ್ಗ ಅದರ ಬಾಲ ಹಿಡಿದಿರುತ್ತದೆ, ನೀರು ಎಲ್ಲಿ ಸುರಿಯಬೇಕು ಅನ್ನುವುದು ಸಣ್ಣ ಹಗ್ಗದ ಕೈಯಲ್ಲಿ. ಇಲ್ಲೂ ಬೂಮ್ ತುದಿಯಿಂದ ಇಳಿದ ಹಗ್ಗ ಬಕೆಟ್ಟನ್ನು ಎತ್ತುತ್ತದೆ. ಇನ್ನೊಂದು ಹಗ್ಗ ಅದನ್ನು ನೆಲದ ಮೇಲೆ ನಿನ್ನ ಕಡೆಗೆ ಎಳೆಯುತ್ತದೆ, ಮಣ್ಣು ತುಂಬುವುದು ಆಗ. ಎಳೆಯುವ ಹಗ್ಗ ಬಿಗಿಯಾಗಿರುವವರೆಗೆ ರಾಟೆಯ ಮೇಲೆ ಹಾಯ್ದ ತುಂಡು ಹಗ್ಗವೊಂದು ಬಕೆಟ್ಟಿನ ಬಾಯನ್ನು ಮೇಲೆ ಹಿಡಿದಿರುತ್ತದೆ. ಸಡಿಲ ಬಿಟ್ಟೆಯೋ, ಬಾಯಿ ಕೆಳಗಾಗಿ ಎಲ್ಲ ಸುರಿಯುತ್ತದೆ.

ಹಾಗಾಗಿ ಇದರಲ್ಲಿ ಒತ್ತುವ ಬಲ ಎಂಬುದೇ ಇಲ್ಲ. ಗಟ್ಟಿ ನೆಲ ಸಿಕ್ಕಾಗ ಲಿವರ್ ಮೇಲೆ ಸಿಟ್ಟು ಮಾಡಿ ಏನೂ ಆಗದು, ಬಕೆಟ್ಟಿನ ತೂಕವೇ ಹಲ್ಲನ್ನು ಊರಬೇಕು. ಬಕೆಟ್ ನೆಲ ಬಿಟ್ಟು ಎದ್ದ ಮೇಲೆಯೇ ತಿರುಗಿಸು. ನೆಲದಲ್ಲಿ ಕಚ್ಚಿಕೊಂಡಿರುವಾಗ ಪಕ್ಕಕ್ಕೆ ಎಳೆದರೆ ಬೂಮ್ ತಿರುಚಿಕೊಳ್ಳುತ್ತದೆ, ಅಷ್ಟು ಉದ್ದದ ಜಾಲರಿ ಉಕ್ಕು ಅದನ್ನು ತಾಳದು. ಹಗ್ಗ ಡ್ರಮ್ಮಿನ ಮೇಲೆ ಸಡಿಲ ಸುತ್ತಿದರೆ ಮುಂದಿನ ಎಳೆತಕ್ಕೆ ಒಳಗಿನ ಸುತ್ತಿನಲ್ಲಿ ಸಿಕ್ಕಿ ಜಜ್ಜಿಹೋಗುತ್ತದೆ. ಬಿಗಿದ ಹಗ್ಗದ ನೇರಕ್ಕೆ ಯಾರನ್ನೂ ನಿಲ್ಲಗೊಡಬೇಡ, ಎಷ್ಟೇ ದೊಡ್ಡ ಸಾಹೇಬರಾಗಿರಲಿ.

ವಾಶಿಯಲ್ಲಿ ಕಲಿತ ಒಂದನ್ನು ಮಾತ್ರ ಬಿಡಬೇಡ, ದಂಡೆಯ ಭಯವನ್ನು. ಆ ಯಂತ್ರ ಪಕ್ಕದ ಎರಡು ದೊಡ್ಡ ಪಾದಗಳ ಮೇಲೆ ತನ್ನನ್ನೇ ಎತ್ತಿಕೊಂಡು ಹೆಜ್ಜೆಹೆಜ್ಜೆಯಾಗಿ ಸರಿಯುತ್ತದೆ, ಬೇಗ ಓಡಿಸಿಕೊಂಡು ಪಾರಾಗುವ ಮಾತೇ ಇಲ್ಲ. ಮಳೆ ಬಿದ್ದ ಮರುದಿನ ಅಂಚಿನಲ್ಲಿ ಬಿರುಕು ಕಂಡರೆ ಕೆಲಸ ನಿಲ್ಲಿಸಿ ಮೇಲಿನವರಿಗೆ ಹೇಳು.

ಹೋದ ಕೂಡಲೇ ಸೀಟು ಕೇಳಬೇಡಪ್ಪಾ. ಹಗ್ಗ ಬದಲಿಸುವ ತಂಡದ ಜೊತೆ ಕೆಲವು ದಿನ ಗ್ರೀಸ್ ಮೈಗೆ ಹತ್ತಿಸಿಕೊ. ಹಗ್ಗದ ಯಾವ ತಂತಿ ಎಲ್ಲಿ ಮೊದಲು ಮುರಿಯುತ್ತದೆ ಅಂತ ಅವರು ತೋರಿಸುತ್ತಾರೆ.