ಬೀಜದ ಬುತ್ತಿ, ಬೇರಿನ ನಂಟು

‘ಬೀಜದಲ್ಲಿ ಆಹಾರ ಸಂಗ್ರಹವಾಗಿರುತ್ತದೆ’ ಎಂಬ ವಾಕ್ಯವನ್ನು ಮಕ್ಕಳು ಬೇಗನೆ ಬಾಯಿಪಾಠ ಮಾಡುತ್ತಾರೆ. ಆ ಆಹಾರ ಎಷ್ಟು ದಿನ ಸಾಲುತ್ತದೆ, ಮುಗಿದ ಮೇಲೆ ಸಸಿಯ ಗತಿಯೇನು ಎಂದು ಕೇಳಿದಾಗಲೇ ನಿಜವಾದ ಪಾಠ ಆರಂಭವಾಗುತ್ತದೆ.

ಪರಿಭಾಷೆಯನ್ನು ಅಡುಗೆಮನೆಯಿಂದ ಪರಿಚಯಿಸಬಹುದು. ತೊಗರಿಬೇಳೆಯ ಪ್ರತಿಯೊಂದು ಹೋಳೂ ಒಂದು ಬೀಜದಳವೇ. ತೊಗರಿ, ಅವರೆಗಳ ಬುತ್ತಿ ಬೀಜದಳಗಳಲ್ಲಿರುತ್ತದೆ. ಭತ್ತ, ಜೋಳ, ರಾಗಿಗಳ ಬುತ್ತಿ ಮುಖ್ಯವಾಗಿ ಭ್ರೂಣಾಹಾರದಲ್ಲಿರುತ್ತದೆ. ಪಿಷ್ಟ, ಪ್ರೋಟೀನುಗಳೊಡನೆ ರಂಜಕವೂ ಬೀಜದಲ್ಲಿ ಸಂಗ್ರಹವಾಗಿರುತ್ತದೆ.

ಚಟುವಟಿಕೆ: ನೆನೆಸಿದ ಅವರೆಕಾಳುಗಳನ್ನು ಮರಳಿನಲ್ಲಿ ಬಿತ್ತಿಸಿರಿ. ಬೀಜದಳಗಳು ಮೇಲೆ ಬಂದೊಡನೆ ಸಸಿಗಳನ್ನು ಮೂರು ಗುಂಪು ಮಾಡಿರಿ. ಮೊದಲ ಗುಂಪನ್ನು ಹಾಗೆಯೇ ಬಿಟ್ಟು, ಎರಡನೆಯದರಲ್ಲಿ ಒಂದು ಬೀಜದಳವನ್ನೂ ಮೂರನೆಯದರಲ್ಲಿ ಎರಡನ್ನೂ ಕತ್ತರಿಸಿರಿ. ಎರಡು ವಾರ, ದಿನ ಬಿಟ್ಟು ದಿನ ಎತ್ತರವನ್ನು ಅಳೆದು ಪಟ್ಟಿ ಮಾಡಿಸಿರಿ. ಬುತ್ತಿ ಕಳೆದುಕೊಂಡ ಸಸಿ ಹಿಂದುಳಿಯುವುದನ್ನು ಮಕ್ಕಳೇ ಕಾಣುವರು.

ಬುತ್ತಿ ತೀರುವಾಗ ಸಸಿಯ ಎಲೆ ಸಕ್ಕರೆಯನ್ನು ತಯಾರಿಸಬಲ್ಲದು, ರಂಜಕವನ್ನು ತಯಾರಿಸಲಾರದು. ಮಣ್ಣಿನಲ್ಲಿ ರಂಜಕದ ಚಲನೆ ಬಹಳ ನಿಧಾನ. ಬೇರಿನ ಸುತ್ತಲಿನದು ಬೇಗ ಬರಿದಾಗುತ್ತದೆ. ಆಗ ಬೇರಿನೊಳಗೆ ನೆಲೆಸಿದ ಶಿಲೀಂಧ್ರವು ತನ್ನ ಎಳೆಗಳನ್ನು ದೂರದವರೆಗೆ ಚಾಚಿ ರಂಜಕವನ್ನು ತಂದುಕೊಡುತ್ತದೆ. ಪ್ರತಿಯಾಗಿ ಗಿಡವು ಸಕ್ಕರೆ, ಕೊಬ್ಬುಗಳನ್ನು ಕೊಡುತ್ತದೆ. ಇದೇ ಸಹಜೀವನ. ಬುತ್ತಿ ದೊಡ್ಡದಿರುವ ಅವರೆ ಈ ನಂಟಿಗಾಗಿ ಕೆಲಕಾಲ ಕಾಯಬಲ್ಲದು. ಕಿರುಬೀಜದ ರಾಗಿಗೆ ಅಷ್ಟು ಅವಕಾಶವಿಲ್ಲ.

ಇದರ ಪರಮಾವಧಿಯನ್ನು ಆರ್ಕಿಡ್‌ಗಳಲ್ಲಿ ಕಾಣಬಹುದು. ಕಾಸರಗೋಡು, ವಯನಾಡು, ನೀಲಗಿರಿಯ ಮಕ್ಕಳಿಗೆ ಮರದ ಮೇಲಿನ ಸೀತಾಳೆ ಹೂವನ್ನು ನೆನಪಿಸಿರಿ. ಅದರ ಬೀಜ ಧೂಳಿನಷ್ಟು ಸಣ್ಣದು; ಭ್ರೂಣಾಹಾರವಿಲ್ಲ. ನಿಸರ್ಗದಲ್ಲಿ ಅದರ ಮೊಳಕೆಯನ್ನು ಮೊದಲು ಪೋಷಿಸುವುದು ಶಿಲೀಂಧ್ರವೇ. ಆರ್ಕಿಡ್ ಬೀಜ ಮೊಳೆಯಲು ಶಿಲೀಂಧ್ರ ಬೇಕೆಂಬುದನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಕೊಂಡರು.

ಎಚ್ಚರಿಕೆ: ‘ಬೀಜ ಸಣ್ಣದಾದರೆ ಶಿಲೀಂಧ್ರ ಬೇಕೇ ಬೇಕು’ ಎಂದು ಸೂತ್ರ ಮಾಡಬೇಡಿರಿ. ಸಾಸಿವೆ ಸಣ್ಣ ಬೀಜವಾದರೂ ಇಂಥ ನಂಟನ್ನು ಬೆಳೆಸುವುದಿಲ್ಲ. ಕೊಳೆತ ಕಾಳಿನ ಬೂಷ್ಟನ್ನು ಸಹಜೀವಿಯೆಂದು ತೋರಿಸಬೇಡಿರಿ. ರಾಗಿಯ ಬೇರಿನೊಳಗಿನ ಶಿಲೀಂಧ್ರ ಬರಿಗಣ್ಣಿಗೆ ಕಾಣದು. ಆದರೆ ಶಿಲೀಂಧ್ರವೆಂದರೆ ರೋಗವೊಂದೇ ಎಂಬ ಭಾವನೆ ಮಕ್ಕಳಲ್ಲಿ ಉಳಿಯದಿರಲಿ.

ಮೌಲ್ಯಮಾಪನ: ರಂಜಕ ಕಡಿಮೆಯಿರುವ ಹೊಲದಲ್ಲಿ ರಾಗಿ, ಅವರೆ ಒಂದೇ ದಿನ ಮೊಳೆತರೆ, ಶಿಲೀಂಧ್ರದ ನೆರವು ಯಾವುದಕ್ಕೆ ಮೊದಲು ಬೇಕಾದೀತು? ಏಕೆ?