ಮೀನಿನ ಲಿಂಗನಿರ್ಣಯ: ಮೆಡಾಕಾ ಕಲಿಸಿದ ಪಾಠ

ಮರಿಮೀನು ಗಂಡೋ ಹೆಣ್ಣೋ ಎಂಬುದನ್ನು ಹೊರನೋಟದಿಂದ ಹೇಳುವುದು ಬಲ್ಲವರಿಗೂ ಕಷ್ಟಸಾಧ್ಯ. ಈ ತೊಡಕನ್ನು ಬಿಡಿಸುವ ದಾರಿಯೊಂದನ್ನು ತೋರಿದುದು ಜಪಾನಿನ ಗದ್ದೆಗಳ ನೀರಿನಲ್ಲಿ ವಾಸಿಸುವ ಮೆಡಾಕಾ ಎಂಬ ಪುಟ್ಟ ಮೀನು.

ಇದರ ಕೆಂಪು ಬಣ್ಣದ ಗುಣವು ವೈ ವರ್ಣತಂತುವಿನ ಮೂಲಕ ತಂದೆಯಿಂದ ಗಂಡುಸಂತತಿಗೆ ಇಳಿಯಬಲ್ಲುದೆಂದು 1921ರಲ್ಲಿ ಐದಾ ಎಂಬ ವಿಜ್ಞಾನಿ ತೋರಿಸಿದರು. ಅಂತಹ ತಳಿಯಲ್ಲಿ ಗಂಡುಗಳು ಕೆಂಪು, ಹೆಣ್ಣುಗಳು ಬಿಳುಪು. ಬಣ್ಣವೇ ಲಿಂಗದ ಗುರುತಾಯಿತು. ಗಂಡುತನವನ್ನು ನಿರ್ಧರಿಸುವ ಜೀನು 2002ರಲ್ಲಿ ಅದೇ ವರ್ಣತಂತುವಿನಲ್ಲಿ ದೊರೆಯಿತು. ಇಂದು ಈಜುರೆಕ್ಕೆಯ ಅಂಚಿನಿಂದ ಒಂದು ಚೂರನ್ನು ತೆಗೆದು, ಅದರ ಡಿ.ಎನ್.ಎ.ಯಲ್ಲಿ ಆ ಜೀನಿನ ಭಾಗವನ್ನು ಪಿ.ಸಿ.ಆರ್. ವಿಧಾನದಿಂದ ವೃದ್ಧಿಗೊಳಿಸಿ ನೋಡುತ್ತಾರೆ. ಅದು ಕಂಡರೆ ಮೀನು ಹುಟ್ಟಿನಿಂದ ಗಂಡು; ಇಲ್ಲವಾದರೆ ಹೆಣ್ಣು. ಮೀನನ್ನು ಕೊಲ್ಲಬೇಕಾಗಿಲ್ಲ. ಆದರೆ ಒಂದು ಜಾತಿಯ ಗುರುತು ಎಲ್ಲ ಮೀನುಗಳಿಗೂ ಸಲ್ಲದು; ಟ್ರೌಟ್ ಮೀನಿನಲ್ಲಿ 2012ರಲ್ಲಿ ಪತ್ತೆಯಾದ ಜೀನೇ ಬೇರೆ.

ಹುಟ್ಟಿನ ಗುರುತೂ ದೇಹದ ಸ್ಥಿತಿಯೂ ಯಾವಾಗಲೂ ಒಂದಾಗಿರುವುದಿಲ್ಲವೆಂಬುದು ಇಲ್ಲಿ ಮನಗಾಣಬೇಕಾದ ಸಂಗತಿ. 1953ರಲ್ಲಿ ಯಮಾಮೊಟೊ ಎಂಬ ವಿಜ್ಞಾನಿ ಮೆಡಾಕಾ ಮರಿಗಳಿಗೆ ಆಹಾರದೊಡನೆ ಸ್ತ್ರೀ ಹಾರ್ಮೋನನ್ನು ಉಣಿಸಿದರು. ಗಂಡಾಗಬೇಕಾಗಿದ್ದ ಕೆಂಪು ಮೀನುಗಳು ಹೆಣ್ಣಾಗಿ ಬೆಳೆದು ಮೊಟ್ಟೆಯಿಟ್ಟವು! ನೀರು ಅತಿಯಾಗಿ ಬಿಸಿಯಾದರೆ ಹೆಣ್ಣುಮರಿ ಗಂಡಾಗುವುದೂ ಉಂಟು.

ಆದುದರಿಂದ ನದಿಯಲ್ಲಿ ಹಿಡಿದ ಮೀನಿನ ಗುರುತು ಗಂಡೆಂದೂ ಅಂಡಾಶಯ ಹೆಣ್ಣೆಂದೂ ನುಡಿದರೆ ಪರೀಕ್ಷೆ ತಪ್ಪೆಂದು ಕೂಡಲೇ ತಳ್ಳಿಹಾಕಬಾರದು. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಉತ್ತರ ಅದೇ ಬಂದರೆ, ಆ ನೀರಿಗೆ ಏನು ಸೇರಿದೆಯೆಂದು ವಿಚಾರಿಸಬೇಕು.