ಒಂದೇ ವಯಸ್ಸು, ಎರಡು ಎತ್ತರ

ಒಂದೇ ಊರಿನಲ್ಲಿ, ಒಂದೇ ತಿಂಗಳಲ್ಲಿ ಹುಟ್ಟಿದ ಇಬ್ಬರು ಮಕ್ಕಳನ್ನು ಐದನೆಯ ವರ್ಷದಲ್ಲಿ ಅಕ್ಕಪಕ್ಕ ನಿಲ್ಲಿಸಿದರೆ ಒಬ್ಬನು ಇನ್ನೊಬ್ಬನಿಗಿಂತ ನಾಲ್ಕು ಬೆರಳು ಗಿಡ್ಡನಾಗಿರುವುದುಂಟು. 'ಅದು ಅವರ ವಂಶದ ಗುಣ' ಎಂದು ನೋಡಿದವರು ಸುಮ್ಮನಾಗುತ್ತಾರೆ. ವಂಶದ ಪಾಲು ಇಲ್ಲವೆಂದಲ್ಲ. ಆದರೆ ಅಂಕಿಅಂಶಗಳು ಬೇರೊಂದು ಕಾರಣವನ್ನೂ ತೋರಿಸುತ್ತವೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 36 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ದೇಶದ ಕುಟುಂಬಗಳನ್ನು ಸ್ಥಿತಿಗತಿಗೆ ಅನುಗುಣವಾಗಿ ಐದು ಪಾಲು ಮಾಡಿದಾಗ, ಅತ್ಯಂತ ಬಡವರ ಪಾಲಿನಲ್ಲಿ ಈ ಸಂಖ್ಯೆ 46. ಅತ್ಯಂತ ಅನುಕೂಲಸ್ಥರ ಪಾಲಿನಲ್ಲಿ 23. ವಂಶವೊಂದೇ ಕಾರಣವಾಗಿದ್ದರೆ ಇಷ್ಟೊಂದು ಅಂತರ ಏಕೆ ಬರಬೇಕು?

ಬಡತನವು ಮಗುವಿನ ದೇಹವನ್ನು ಅದು ಹುಟ್ಟುವ ಮೊದಲೇ ಮುಟ್ಟುತ್ತದೆ. ಗರ್ಭಿಣಿಯಾಗಿದ್ದಾಗಲೂ ಕೂಲಿಗೆ ಹೋಗಲೇಬೇಕಾದ, ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ತಾಯಿಯಲ್ಲಿ ರಕ್ತಹೀನತೆ ಸಾಮಾನ್ಯ. ಆಕೆಯ ಮಗು ಹುಟ್ಟುವಾಗಲೇ ತೂಕ ಕಡಿಮೆಯಿರುವ ಸಂಭವ ಹೆಚ್ಚು. ಮುಂದೆ ಶುದ್ಧವಾದ ನೀರೂ ಶೌಚಾಲಯವೂ ಇಲ್ಲದ ಕಡೆ ಮಗುವಿಗೆ ಮತ್ತೆ ಮತ್ತೆ ಭೇದಿಯಾಗುತ್ತದೆ. ಪದೇ ಪದೇ ಕೆಟ್ಟ ಕರುಳು ಉಂಡ ಅನ್ನದ ಸಾರವನ್ನು ಸರಿಯಾಗಿ ಹೀರಿಕೊಳ್ಳಲಾರದು. ಎರಡು ವರ್ಷ ತುಂಬುವುದರೊಳಗೆ ಕುಂಠಿತವಾದ ಬೆಳವಣಿಗೆಯನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಹಣದ ಕೊರತೆಯೊಂದೇ ಆಗಿದ್ದರೆ ಪರಿಹಾರ ಸುಲಭವಾಗುತ್ತಿತ್ತು. ಡಾ. ಬಿ. ಆರ್. ಅಂಬೇಡ್ಕರ್ ಅವರು ಬಾಲ್ಯದ ಶಾಲೆಯನ್ನು ನೆನೆದು ಬರೆದಿರುವುದನ್ನು ನೋಡಿರಿ. ಬಾಯಾರಿದಾಗ ಅವರು ನಲ್ಲಿಯನ್ನು ಮುಟ್ಟುವಂತಿರಲಿಲ್ಲ. ಜವಾನನು ಬಂದು ತಿರುಗಿಸಬೇಕಾಗಿತ್ತು. ಜವಾನನಿಲ್ಲದ ದಿನ ನೀರೂ ಇಲ್ಲ. ಅವರ ತಂದೆ ಸೈನ್ಯದಲ್ಲಿದ್ದು ಸಂಬಳ ಪಡೆದವರು. ನಲ್ಲಿಯಲ್ಲಿ ನೀರೂ ಇತ್ತು. ಆದರೂ ಬಾಲಕನ ಬಾಯಾರಿಕೆ ತಣಿಯಲಿಲ್ಲ.

ನಮ್ಮ ಕಾಲದ ಬಿಸಿಯೂಟವನ್ನೇ ತೆಗೆದುಕೊಳ್ಳಿರಿ. ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಆಜ್ಞಾಪಿಸಿತು. ಮರುವರ್ಷ ಕರ್ನಾಟಕದಲ್ಲಿ ಅಕ್ಷರ ದಾಸೋಹ ಯೋಜನೆ ಆರಂಭವಾಯಿತು. ಬಡ ಮಗುವಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಜಾತಿಭೇದವಿಲ್ಲದೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಅದರ ಇನ್ನೊಂದು ಲಾಭ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು 2004ರಲ್ಲಿ ಅದೇ ನ್ಯಾಯಾಲಯವು ಸೂಚಿಸಿತು. ಆದರೆ ದಲಿತ ಮಹಿಳೆ ಅಡುಗೆ ಮಾಡಿದಳೆಂದು ಕೆಲವು ಊರುಗಳ ತಂದೆತಾಯಿಗಳು ತಮ್ಮ ಮಕ್ಕಳಿಗೆ ಆ ಊಟವನ್ನು ಬಿಡಿಸಿದರು. ಹಾಗೆ ಬಿಡಿಸಿದವರಲ್ಲಿ ದಿನಗೂಲಿಯಿಂದ ಬದುಕುವವರೂ ಇದ್ದರೆಂಬುದು ಸೋಜಿಗ. ಬಿಸಿ ಅನ್ನ ಪಾತ್ರೆಯಲ್ಲಿಯೇ ಉಳಿಯಿತು; ಮಧ್ಯಾಹ್ನದ ಪಾಠವನ್ನು ಆ ಮಕ್ಕಳು ಹಸಿದೇ ಕೇಳಿದರು.